ಅರ್ಧಕ್ಕೆ ನಿಂತ ಅಪ್‌ಡೇಟ್

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಯಾವ ಕಂಪನಿಯದು ಕೊಳ್ಳಲಿ ಎಂದು ಕೇಳಲು ಬರುವವರು ಪರದೆ, ತೂಕ, ಬಣ್ಣ ನೋಡುತ್ತಾರೆ. ನಾನು ನೋಡುವುದು ಬೇರೆ. ಮಾರಿದ ಮೇಲೆ ಆ ಯಂತ್ರದ ಫರ್ಮ್‌ವೇರಿಗೆ ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ, ಅಪ್‌ಡೇಟ್ ನಡುವೆ ನಿಂತರೆ ವಾಪಸ್ ಬರಲು ದಾರಿ ಇಟ್ಟಿದೆಯೇ ಎಂದು ನೋಡುತ್ತೇನೆ. ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಎದ್ದು ಇಡೀ ಯಂತ್ರವನ್ನು ಎಬ್ಬಿಸುವ ಸಣ್ಣ ತಂತ್ರಾಂಶವೇ ಫರ್ಮ್‌ವೇರ್. ಅದು ಕೆಟ್ಟರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಯಂತ್ರ ಏಳುವುದಿಲ್ಲ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿತದ್ದಲ್ಲ, ಒಂದು ಹಗಲು ಪೂರ್ತಿ ಹೆದರಿ ಕಲಿತದ್ದು.

ಅಂದು ಕಂಪಲಾಪುರದಿಂದ ಗಂಡ ಹೆಂಡತಿ ಬಂದಿದ್ದರು. ಬೇಸಾಯದವರು. ಗಂಡನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು. ಗಂಟಲಿನ ಆಪರೇಷನ್‌ನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದಿದ್ದರಂತೆ. ಕನ್ನಡದಲ್ಲಿ ಟೈಪ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಅವರ ಮಾತೆಲ್ಲ ಈಗ ಅದರ ಮೂಲಕವೇ.

"ಮಾತಾಡ್ತಾ ಮಾತಾಡ್ತಾನೇ ಆಫ್ ಆಗೋಯ್ತದೆ ಕಣವ್ವ," ಎಂದರು ಹೆಂಡತಿ.

ಬ್ಯಾಟರಿ ನೋಡಿದೆ, ಫ್ಯಾನ್ ನೋಡಿದೆ. ಎರಡೂ ಸರಿ ಇದ್ದವು. ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಮಾಡೆಲ್‌ಗೆ ಹೊಸ ಫರ್ಮ್‌ವೇರ್ ಇತ್ತು. ತಾನಾಗಿ ಆಫ್ ಆಗುವ ತೊಂದರೆಗೆ ಇದೇ ಪರಿಹಾರ ಎಂದು ಬರೆದಿತ್ತು. ಇಂಥ ಕೆಲಸಕ್ಕೆ ಮೊದಲು ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳುವುದು ನನ್ನ ಪದ್ಧತಿ. ಅಂದು ಮಾಡಲಿಲ್ಲ. ಪಾಪ, ಅವರಿಗೆ ಬಸ್ಸಿಗೆ ಹೊತ್ತಾಗುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವಾಗಿ ನನಗೇ ಸೋಮಾರಿತನ.

ಅಪ್‌ಡೇಟ್ ಶುರು ಮಾಡಿದೆ. ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ಅರ್ಧದವರೆಗೆ ಹೋಗಿ ನಿಂತಿತು. ಕರೆಂಟ್ ಇತ್ತು, ಯುಪಿಎಸ್ ಇತ್ತು. ಹತ್ತು ನಿಮಿಷ ಕಾದೆ, ಅರ್ಧ ಗಂಟೆ ಕಾದೆ. ಇದ್ದಕ್ಕಿದ್ದಂತೆ ಫ್ಯಾನ್ ಜೋರಾಗಿ ಕಿರುಚಿ ಪರದೆ ಕಪ್ಪಾಯಿತು. ಗುಂಡಿ ಒತ್ತಿದರೆ ಸಣ್ಣ ದೀಪ ಹತ್ತುತ್ತಿತ್ತು, ಅಷ್ಟೇ. ಹಿಂಬದಿಯ ಸ್ಕ್ರೂ ಬಿಚ್ಚಿ ಬ್ಯಾಟರಿ ತೆಗೆದು ಮತ್ತೆ ಹಾಕಿ ನೋಡಿದೆ, ಆಗಲೂ ಅಷ್ಟೇ.

"ಆಯ್ತೇನವ್ವಾ?"

"ಇನ್ನೊಂದು ಸ್ವಲ್ಪ ಹೊತ್ತು ಅಕ್ಕಾ."

ಎರಡು ಸಲ ಹಾಗೆಂದೆ. ಮೂರನೆಯ ಸಲ ಸುಳ್ಳು ಬಾಯಿಗೆ ಬರಲಿಲ್ಲ. "ಅಕ್ಕಾ, ನನ್ನ ಕೈಯಲ್ಲೇ ಕೆಟ್ಟುಹೋಯ್ತು," ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಗಂಡ ಚೀಲದಿಂದ ಸ್ಲೇಟು ತೆಗೆದು ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು. 'ನನ್ನ ದನಿ ಅದರೊಳಗೆ ಇದೆ.'

ನನಗೆ ಅರ್ಥವಾಗಲಿಲ್ಲ. ಹೆಂಡತಿ ಬಿಡಿಸಿ ಹೇಳಿದರು. "ಆಪರೇಸನ್‌ಗೆ ಮುಂಚೆ ಡಾಕ್ಟ್ರು, ಏನಾರ ಮಾತಾಡಿ ಇಟ್ಕಳಿ ಅಂದಿದ್ರು ಕಣವ್ವ. ಮೊಮ್ಮಗೀಗೆ ಅಂತ ದಿನಾ ಕೊಟ್ಟಿಗೇಲಿ ಕೂತ್ಕಂಡು ಕತೆ ಯೋಳಿ ಇದ್ರಲ್ಲಿ ತುಂಬವ್ರೆ. ಬ್ಯಾರೆ ಎಲ್ಲೂ ಇಲ್ಲ."

ಒಬ್ಬ ಮನುಷ್ಯನ ದನಿ ಪ್ರಪಂಚದಲ್ಲಿ ಉಳಿದಿದ್ದುದು ಆ ಒಂದೇ ಕಡೆ. ನಾನು ಅದಕ್ಕೇ ದಾರಿ ಮುಚ್ಚಿಬಿಟ್ಟಿದ್ದೆ.

ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಹಾಕಿದೆ. ಅದಕ್ಕೆ ಬೀಗ ಬಿದ್ದಿತ್ತು. ಉದ್ದನೆಯ ಒಂದು ಸಂಖ್ಯೆ ಕೇಳಿತು. ಬರೆದಿಟ್ಟುಕೊಂಡಿದ್ದೀರಾ ಎಂದರೆ ಇಬ್ಬರೂ ತಲೆಯಾಡಿಸಿ ಇಲ್ಲವೆಂದರು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಯಂತ್ರದ ವಾರಂಟಿ ಮುಗಿದಿದೆ, ಮದರ್‌ಬೋರ್ಡ್ ಬದಲಾಯಿಸಿಕೊಳ್ಳಿ ಎಂದು ನಯವಾಗಿ ಹೇಳಿದರು. ಆ ಬೋರ್ಡಿನೊಳಗೇ ಬೀಗದ ಕೈ ಇರುವುದು, ಬದಲಾಯಿಸಿದರೆ ಡಿಸ್ಕ್ ತೆರೆಯುವುದಿಲ್ಲ ಎಂದೆ. ಆ ಕಡೆಯಿಂದ ಧನ್ಯವಾದ ಎಂಬ ಉತ್ತರ ಬಂತು. ಕೆಲವು ಕಂಪನಿಗಳ ಯಂತ್ರಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ ಎರಡು ಕೀ ಒತ್ತಿ ಹಿಡಿದರೆ ಕೆಟ್ಟ ಫರ್ಮ್‌ವೇರ್ ಮರಳಿ ಬರುತ್ತದೆ. ಇದಕ್ಕೆ ಅದೂ ಇರಲಿಲ್ಲ.

ಕೆ.ಆರ್. ನಗರದಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದರು. ಚಿಪ್‌ಗೆ ನೇರವಾಗಿ ಬರೆಯುವ ಸಾಧನ ಅವರ ಹತ್ತಿರವಿತ್ತು. ಅಂಗಡಿಗೆ ಬೀಗ ಹಾಕಿದೆ. ನೀವು ಊರಿಗೆ ಹೋಗಿ ಎಂದರೆ ಹೆಂಡತಿ ಕೇಳಲಿಲ್ಲ. "ನಾವೂ ಬತ್ತೀವಿ. ಅದ್ನ ಬುಟ್ಟು ಎಂಗೋಗದು?"

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದೆ. ಹಳ್ಳ ಬಂದಾಗಲೆಲ್ಲ ಅದನ್ನು ಮೇಲೆತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕೂತ ಆಕೆಯ ಗಂಡ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಕೋಪವೋ, ಅವರಿಗೂ ಭಯವೋ ಗೊತ್ತಾಗದೆ ನನಗೆ ಇನ್ನೂ ಹೆದರಿಕೆಯಾಯಿತು.

ಮೆಕ್ಯಾನಿಕ್ ಬೋರ್ಡ್ ಬಿಚ್ಚಿ, ಚಿಪ್‌ಗೆ ಕ್ಲಿಪ್ ಸಿಕ್ಕಿಸಿ, ಒಳಗಿದ್ದುದನ್ನು ಮೊದಲು ನಕಲು ಮಾಡಿಕೊಂಡರು. "ಅರ್ಧ ಹೊಸದು, ಅರ್ಧ ಹಳೇದು ಅದೆ ಕಣಕ್ಕ. ಎದ್ರುಕೋಬ್ಯಾಡಿ, ನೋಡಮ," ಎಂದರು. ಹಳೆಯ ಫರ್ಮ್‌ವೇರ್ ಹುಡುಕಿ ಬರೆದರು. ಎರಡು ಸಲ ಏಳಲಿಲ್ಲ. ಮೂರನೆಯ ಸಲ ಪರದೆ ಬೆಳಗಿತು. ನಾನು ಕೂಗಿಯೇಬಿಟ್ಟೆ. ಮರುಕ್ಷಣವೇ, ಫರ್ಮ್‌ವೇರ್ ಬದಲಾಗಿದೆಯೆಂದು, ಡಿಸ್ಕಿನ ಬೀಗ ಮತ್ತೆ ಅದೇ ಉದ್ದನೆಯ ಸಂಖ್ಯೆ ಕೇಳಿತು.

ನಾನು ಸ್ಟೂಲೆಳೆದುಕೊಂಡು ಕೂತುಬಿಟ್ಟೆ. ಮೆಕ್ಯಾನಿಕ್ ಮಾತ್ರ ತಣ್ಣಗೆ ಗಂಡನನ್ನು ಕೇಳಿದರು, "ಯಜಮಾನ್ರೇ, ಇದ್ನ ಸುರು ಮಾಡಿದಾಗ ನಿಮ್ಮ ಈಮೇಲ್ ಹಾಕಿದ್ರಾ? ನಂಬ್ರ ಆ ಖಾತೇಲಿ ಇರ್ತದೆ."

ಅಂಗಡಿಯಲ್ಲೇ ನನಗೆ ಹೊಳೆಯಬೇಕಿದ್ದ ಮಾತು ಅದು. ಭಯದಲ್ಲಿ ತಲೆ ಓಡಿರಲಿಲ್ಲ. ಗಂಡ ಸ್ಲೇಟಿನ ಮೇಲೆ ಈಮೇಲ್ ಬರೆದರು. ಪಾಸ್‌ವರ್ಡ್ ಬರೆಯಲು ಸಂಕೋಚಪಟ್ಟು, ಸ್ಲೇಟನ್ನು ಹೆಂಡತಿಗೆ ಕಾಣದಂತೆ ತಿರುಗಿಸಿದರು. ಆಕೆ ಇಣುಕಿ ನೋಡಿ, "ಅಯ್ಯೋ, ನಮ್ಮಪ್ಪನ ಮನೆ ಊರು!" ಎಂದು ಬಾಯಿಗೆ ಸೆರಗು ಮುಚ್ಚಿದರು.

ಮೆಕ್ಯಾನಿಕ್ ತಮ್ಮ ಕಂಪ್ಯೂಟರಿನಲ್ಲಿ ಆ ಖಾತೆ ತೆರೆದರು. ಸಂಖ್ಯೆ ಅಲ್ಲಿತ್ತು. ಅದನ್ನು ಅವರೇ ಲ್ಯಾಪ್‌ಟಾಪಿನಲ್ಲಿ ಒತ್ತಿದರು. ಬೀಗ ತೆರೆಯಿತು. ಗಂಡ ತಾವೇ ಮುಂದೆ ಬಂದು ಒಂದು ಫೈಲ್ ಒತ್ತಿದರು. ದಪ್ಪನೆಯ, ಸ್ವಲ್ಪ ಗೊಗ್ಗರು ದನಿಯೊಂದು ಅಂಗಡಿ ತುಂಬಿತು. "ಕೇಳವ್ವ, ನರಿ ಕತೆ ಯೋಳ್ತೀನಿ. ಏಯ್, ಯಾರ್ಲಾ ಅದು, ಕರ ಬಿಚ್ಕತ್ತಾ ಅದೆ ನೋಡ್ಲಾ!"

ಅವರು ತಮ್ಮದೇ ದನಿಯನ್ನು ತಲೆ ತಗ್ಗಿಸಿ ಕೇಳುತ್ತಿದ್ದರು. ಆಮೇಲೆ ಎಲ್ಲವನ್ನೂ ಮೂರು ಪೆನ್‌ಡ್ರೈವಿಗೆ ನಕಲು ಮಾಡಿಕೊಟ್ಟೆ. ಒಂದನ್ನು ಪಿರಿಯಾಪಟ್ಟಣದ ಮಗಳಿಗೆ ಕೊಡುತ್ತೇವೆ ಎಂದರು ಹೆಂಡತಿ.

ಕೆಲವು ವಾರ ಕಳೆದು ನೋಡಿದರೆ, ಆ ಕಂಪನಿ ಆ ಅಪ್‌ಡೇಟನ್ನು ವೆಬ್‌ಸೈಟಿನಿಂದ ಸದ್ದಿಲ್ಲದೆ ತೆಗೆದಿತ್ತು. ಒಂದು ಸಾಲಿನ ವಿವರಣೆಯೂ ಇರಲಿಲ್ಲ. ತಪ್ಪಾಗಿದೆ ಎಂದು ಅವರು ಒಪ್ಪಿಕೊಂಡಿದ್ದರೆ ನನಗೆ ಇಷ್ಟು ಹೆದರಿಕೆ ಉಳಿಯುತ್ತಿರಲಿಲ್ಲವೇನೋ. ಈಗಲೂ ಫರ್ಮ್‌ವೇರ್ ಅಪ್‌ಡೇಟ್ ಮಾಡುವಾಗ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಪಟ್ಟಿ ಪೂರ್ತಿ ತುಂಬುವವರೆಗೂ ನಿಂತೇ ಇರುತ್ತೇನೆ.