ಮೂರನೇ ಗಾಳಿಯಂತ್ರದ ಜಾಗ

ಅವರು ನಡೆಯುವಾಗ ಮೊದಲು ಹಿಮ್ಮಡಿ ಊರುತ್ತಿದ್ದರು. ಊರಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಕಾದು, ಆಮೇಲೆ ಮೈಭಾರ ಬಿಡುತ್ತಿದ್ದರು. ಕೆಸರಿನಲ್ಲಿ ಹಾಗೆ ನಡೆದರೆ ಸರಿ, ಸಿಮೆಂಟಿನ ಫುಟ್‌ಪಾತಿನ ಮೇಲೂ ಅಂಗಡಿಯ ಟೈಲ್ಸ್ ಮೇಲೂ ಅದೇ ನಡಿಗೆ. ಮಂಡಿನೋವು ಇರಬೇಕು ಅಂದುಕೊಂಡ ನಾನು, ಪರಿಚಯವಾದ ವಾರದಲ್ಲೇ ಎಳ್ಳೆಣ್ಣೆ ಹಚ್ಚಿಕೊಳ್ಳಿ ಎಂದು ಉಪದೇಶ ಮಾಡಿದ್ದೆ. ಅವರು ನಕ್ಕು, "ಮಂಡಿ ಗ್ರ್ಯಾಂಡಾಗಿದೆ ಕಣಮ್ಮ. ನೆಲಾನ ಕೇಳಿ ಕಾಲಿಡೋದು ನನ್ನ ಅಭ್ಯಾಸ, ಅಷ್ಟೆ," ಅಂದರು.

ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ; ಗ್ರ್ಯಾಂಡ್ ಅಂದರೆ ಅವರ ಕಡೆ 'ಚೆನ್ನಾಗಿದೆ', 'ಸರಿ' ಎಂದಷ್ಟೆ. ಈಗ ನೆನೆಸಿಕೊಂಡರೆ ಯಾಕೋ ಎಲ್ಲವೂ ಕನ್ನಡದಲ್ಲೇ ಕೇಳಿಸುತ್ತದೆ.

ಅತ್ಲೋನ್ ಎಂಬ ಐರಿಷ್ ಪಟ್ಟಣದಿಂದ ಇಪ್ಪತ್ತು ನಿಮಿಷ ದೂರದ ಹಳ್ಳಿಯಲ್ಲಿ ನಾವು ಬಾಡಿಗೆಗೆ ಬಂದಾಗ ಪಕ್ಕದ ಮನೆಯಲ್ಲಿದ್ದವರು ಅವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿನ ಸುತ್ತ ಬಾಗ್, ಅಂದರೆ ಮೈಲಿಗಟ್ಟಲೆ ಕಂದು ಬಣ್ಣದ ಜೌಗು ನೆಲ. ಆ ಮಣ್ಣನ್ನು ಕತ್ತರಿಸಿ ಒಣಗಿಸಿದರೆ ಅದಕ್ಕೆ ಟರ್ಫ್ ಎನ್ನುತ್ತಾರೆ, ಸೌದೆಯ ಹಾಗೆ ಉರಿಯುತ್ತದೆ. ಅದನ್ನು ವಿದ್ಯುತ್ ಕೇಂದ್ರಕ್ಕೆ ಸಾಗಿಸುವ ಪುಟ್ಟ ರೈಲಿಗೆ ಅವರು ನಲವತ್ತು ವರ್ಷ ಡ್ರೈವರ್. ನಮ್ಮ ಮೊದಲ ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟಾಗ ಒಂದು ಗೋಣಿಚೀಲ ಟರ್ಫ್ ಹೊತ್ತು ತಂದು ಒಲೆ ಹಚ್ಚಿಕೊಟ್ಟರು. ನಮ್ಮ ಕಡೆ ಬೆರಣಿ ಅಂತ ಇರುತ್ತೆ, ಸಗಣಿಯದು, ಇದೇ ಥರ ಹೊಗೆ ಅಂತ ನಾನು ಹೇಳಿದ್ದೇ ತಪ್ಪಾಯಿತು. ಸಗಣಿ ಯಾವ ಹಸುವಿನದು, ಗೋಡೆಗೆ ತಟ್ಟಿದರೆ ಬೀಳುವುದಿಲ್ಲವೇ ಎಂದು ಒಂದು ಗಂಟೆ ನನ್ನ ತಲೆ ತಿಂದರು. ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನನಗೆ ಬೆರಣಿ ತಟ್ಟಿ ಗೊತ್ತೇ? ಬಾಯಿಗೆ ಬಂದದ್ದು ಹೇಳಿದೆ. ಇಲ್ಲೇ ಹುಟ್ಟಿದ ನನ್ನ ಮಗಳು ಅವರಿಗೆ 'ಬಾಗ್ ಅಜ್ಜ' ಎಂದು ಹೆಸರಿಟ್ಟಳು. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಫೋನಿನಲ್ಲೂ "ಅಜ್ಜ ಸ್ಪೀಕಿಂಗ್" ಎನ್ನತೊಡಗಿದರು. ನನ್ನ ಫೋನಿನಲ್ಲಿ ಅವರ ನಂಬರ್ ಇರುವುದೂ ಅದೇ ಹೆಸರಿನಲ್ಲಿ.

ನನ್ನ ಕೆಲಸ ಅವರ ಕೆಲಸಕ್ಕೆ ತದ್ವಿರುದ್ಧ. ಗಾಳಿ, ಬಿಸಿಲಿನ ವಿದ್ಯುತ್ ಯೋಜನೆಗಳಿಗೆ ವರದಿ ತಯಾರಿಸುವ ಸಣ್ಣ ಕಂಪನಿಯಲ್ಲಿದ್ದೆ. ಯೋಜನೆಯ ಬಗ್ಗೆ ಜನ ಬರೆದು ಕಳಿಸಿದ ಅಭಿಪ್ರಾಯ ಓದಿ 'ಪರ', 'ವಿರೋಧ', 'ಇತರೆ' ಎಂಬ ಮೂರು ಕಾಲಮ್ಮಿಗೆ ಹಂಚುವುದು, ಪ್ರತಿಯೊಂದಕ್ಕೂ ಒಂದು ಸಾಲಿನ ಸಾರಾಂಶ ಬರೆಯುವುದು. ಭೂಮಿ ಬಿಸಿಯಾಗುತ್ತಿದೆ, ಹೊಗೆ ನಿಲ್ಲಬೇಕು ಎಂದು ನಾನು ಮನಸಾರೆ ನಂಬಿದವಳು, ಈಗಲೂ ನಂಬುತ್ತೇನೆ. ಗಾಳಿಯಂತ್ರ ಬೇಡ ಎಂದು ಗೇಟಿಗೆ ಬೋರ್ಡು ಕಟ್ಟಿಕೊಂಡವರನ್ನು ಕಂಡರೆ ಮೈ ಉರಿಯುತ್ತಿತ್ತು.

ಕೊರೋನಾ ಬಂದು ಎಲ್ಲರೂ ಮನೆಯಲ್ಲಿ ಕೂತಾಗ ನಮ್ಮಿಬ್ಬರ ಭೇಟಿ ಎರಡು ಮನೆಗಳ ನಡುವಿನ ಮೋಟುಗೋಡೆಯ ಬಳಿ. ಎರಡು ಮೀಟರ್ ದೂರಕ್ಕೆ ಅವರದೇ ಅಳತೆ ಇತ್ತು. ಟರ್ಫಿನ ತಳ್ಳುಗಾಡಿಯನ್ನು ನಡುವೆ ಅಡ್ಡ ನಿಲ್ಲಿಸಿ, ತಮ್ಮ ಚಹಾ ಹಿಡಿದು ಆಚೆ ನಿಲ್ಲುತ್ತಿದ್ದರು. ಆ ವರ್ಷವೇ ಟರ್ಫಿನ ವಿದ್ಯುತ್ ಕೇಂದ್ರ ಮುಚ್ಚುವುದೆಂದು ನಿಶ್ಚಯವಾಗಿತ್ತು. "ನಲವತ್ತು ವರ್ಷ, ದೇಶಕ್ಕೆ ದೀಪ ಹಚ್ತಿದೀಯ ಅಂತ ಬೆನ್ನು ತಟ್ಟಿದ್ರು. ಈಗ ದೇಶಕ್ಕೆ ಹೊಗೆ ಕುಡಿಸಿದೆ ಅಂತಾರೆ. ಎರಡೂ ನಿಜಾನೇ ಇರ್ಬೋದು," ಅಂದರು ಒಮ್ಮೆ. ದೂರಿನ ದನಿ ಇರಲಿಲ್ಲ.

ಮನೆಯಿಂದ ಎರಡು ಕಿಲೋಮೀಟರ್ ಮಾತ್ರ ನಡೆಯಬಹುದು ಎಂಬ ನಿಯಮವಿದ್ದ ದಿನಗಳಲ್ಲಿ ನನ್ನನ್ನೂ ಮಗಳನ್ನೂ ಬಾಗಿನ ದಾರಿಯಲ್ಲಿ ಕರೆದೊಯ್ದರು. ಒಂದು ಕಡೆ ನಿಲ್ಲಿಸಿ, "ಹಾರು," ಅಂದರು. ಮಗಳು ಹಾರಿದಳು. ಹತ್ತು ಹೆಜ್ಜೆ ಆಚೆಗಿದ್ದ ಗಿಡ ಅಲುಗಿತು. ಹಿಂದೊಮ್ಮೆ ಅವರ ರೈಲಿನ ಎಂಜಿನ್ ಜೌಗಿನಲ್ಲಿ ಮುಳುಗಿದ್ದು ಅಲ್ಲೇ. ನಕ್ಷೆಯಲ್ಲಿ ಗಟ್ಟಿನೆಲ ಅಂತಿದೆ, ಹಳಿ ಹಾಕಿ ಎಂದು ಆಗಿನ ಮೇಲಧಿಕಾರಿ ಹಟ ಹಿಡಿದನಂತೆ. ಇವರು ಬೇಡವೆಂದರೂ ಕೇಳಲಿಲ್ಲ. ಎಂಜಿನ್ ವಾಲಿದಾಗ ಇವರು ಹೊರಕ್ಕೆ ಹಾರಿ ಬದುಕಿದರು. ಮಾರನೆಯ ಬೆಳಿಗ್ಗೆ ಹೊಗೆಕೊಳವೆ ಮಾತ್ರ ಕಾಣುತ್ತಿತ್ತು, ಮೂರನೆಯ ದಿನ ಅದೂ ಇಲ್ಲ. "ಇನ್ನೂ ಕೆಳಗೇ ಇದೆ. ಹಸಿರು ಬಣ್ಣದ್ದು," ಎಂದು ಕಳೆದುಹೋದ ದನದ ಗುರುತು ಹೇಳುವವರಂತೆ ಹೇಳಿದರು.

ಅದೇ ಬಾಗಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಯೋಜನೆ ಬಂತು. ವರದಿ ನಮ್ಮ ಕಂಪನಿಯ ಪಾಲಿಗೇ ಬಂತು. ಬೇರೆ ಕಾಲವಾಗಿದ್ದರೆ ಊರಿನ ಸಮುದಾಯ ಭವನದಲ್ಲಿ ಸಭೆ ನಡೆದು, ಎಂಜಿನಿಯರುಗಳು ಬಂದು ಜನರ ಎದುರು ಕೂರುತ್ತಿದ್ದರು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಅಜ್ಜನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅವರು ರೂಳಿನ ಹಾಳೆಯಲ್ಲಿ ನಾಲ್ಕು ಪುಟ ಬರೆದರು. ಜೊತೆಗೆ ಕಾರ್ನ್‌ಫ್ಲೇಕ್ಸಿನ ರಟ್ಟಿನ ಡಬ್ಬ ಬಿಚ್ಚಿ, ಒಳಮೈಯ ಮೇಲೆ ಪೆನ್ಸಿಲಿನಲ್ಲಿ ಬಾಗಿನ ನಕ್ಷೆ ಬರೆದರು. ಎಲ್ಲವನ್ನೂ ತಳ್ಳುಗಾಡಿಯಲ್ಲಿಟ್ಟು ನನ್ನ ಕಡೆ ಗೋಡೆಯ ತನಕ ನೂಕಿದರು.

"ನೀನು ಅಲ್ಲೇ ಕೆಲ್ಸ ಮಾಡ್ತೀಯಲ್ಲ, ತಲುಪಿಸು. ನಾನು ವಿರೋಧಿ ಅಲ್ಲ, ಅದನ್ನ ಸರಿಯಾಗಿ ಹೇಳು. ಫ್ಯಾನುಗಳು ಬರ್ಲಿ. ಮೂರನೇದು ಮಾತ್ರ ಎಂಜಿನ್ ಮುಳುಗಿದ ಜಾಗದಲ್ಲಿದೆ. ಇನ್ನೂರು ಹೆಜ್ಜೆ ಈಚೆಗೆ, ಜಲ್ಲಿ ದಿಬ್ಬದ ಮೇಲೆ ನಿಲ್ಸಿದ್ರೆ ಅಲ್ಲಾಡಲ್ಲ. ಒಂದ್ಸಲ ಫೋನ್ ಮಾಡಿ ಕರೆಯೋಕೆ ಹೇಳು, ನಾನೇ ನಡ್ಸಿ ತೋರಿಸ್ತೀನಿ."

ಅಭಿಪ್ರಾಯ ಸೇರಿಸಲು ಕೊನೆಯ ದಿನ ಒಂದು ಶುಕ್ರವಾರ. ಮಗಳ ಆನ್‌ಲೈನ್ ಕ್ಲಾಸು ಕೈಕೊಟ್ಟು ಅಳುತ್ತಿದ್ದಳು, ಗಂಡ ಮೇಲಿನ ಕೋಣೆಯಲ್ಲಿ ಕಾಲ್‌ನಲ್ಲಿದ್ದ, ಕುಕ್ಕರ್ ಕೂಗುತ್ತಿತ್ತು. ಇವೆಲ್ಲ ನೆಪ, ಗೊತ್ತಿದೆ. ಮುನ್ನೂರು ಪತ್ರ ಓದುವವಳಿಗೆ ನಾಲ್ಕು ಪುಟ ಹೆಚ್ಚೇ? ಮೊದಲ ಪುಟ ಓದಿದೆ. ಅದರಲ್ಲಿ ಹೆಂಡತಿಯ ಜೊತೆ ಟರ್ಫ್ ಒಣಹಾಕಿದ ಕಥೆ ಇತ್ತು. ಉಳಿದದ್ದು ನನಗೆ ಗೊತ್ತೇ ಇದೆಯಲ್ಲ ಎಂದುಕೊಂಡೆ. ರಟ್ಟಿನ ನಕ್ಷೆಯನ್ನು ಲಗತ್ತಿಸಲು ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. 'ಇತರೆ'ಗೆ ಹಾಕಿದರೆ ವಿವರಣೆ ಬರೆಯಬೇಕು. 'ವಿರೋಧ'ಕ್ಕೆ ಹಾಕಿ, "ಸ್ಥಳೀಯ ನಿವಾಸಿ, ಬಾಗಿನ ಬಗ್ಗೆ ಭಾವನಾತ್ಮಕ ಆತಂಕ" ಎಂದು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ.

"ತಲುಪಿಸಿದ್ಯಾ?" ಎಂದು ಮರುದಿನ ಕೇಳಿದರು.

"ತಲುಪಿಸಿದೆ, ಗ್ರ್ಯಾಂಡ್," ಅಂದೆ.

ಅವತ್ತೇ ಅವರು ಬೂಟುಗಳನ್ನು ತೊಳೆದು, ಎಣ್ಣೆ ಸವರಿ, ಮುಂಬಾಗಿಲ ಪಕ್ಕದಲ್ಲಿಟ್ಟರು. ಎಂಜಿನಿಯರ್ ಫೋನ್ ಮಾಡಿದರೆ ತಡವಾಗಬಾರದಲ್ಲ. ಬೇಸಿಗೆ ಕಳೆಯಿತು, ಎಲೆ ಉದುರಿತು. ಪ್ರತಿ ಶನಿವಾರ ಬೂಟಿನ ಧೂಳು ಒರೆಸುತ್ತಿದ್ದರು. "ಅವ್ರಿಗೂ ಕೆಲ್ಸ ಇರುತ್ತೆ ಪಾಪ," ಅನ್ನುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಗಂಡ, "ಹೇಳ್ಬಿಡೆ, ತಪ್ಪಾಯ್ತು ಅಂತ. ಆಫೀಸಿಗೂ ಒಂದು ಮೇಲ್ ಹಾಕು," ಎನ್ನುತ್ತಿದ್ದ. "ನಾಳೆ ಹೇಳ್ತೀನಿ ಬಿಡು," ಎನ್ನುತ್ತಿದ್ದೆ. ತಿದ್ದಬೇಕೆಂದರೆ ಮೇಲಿನವರಿಗೆ ನಾನು ಓದದೆ ಬರೆದೆ ಎಂದು ಒಪ್ಪಿಕೊಳ್ಳಬೇಕಿತ್ತು. ವರ್ಕ್ ಪರ್ಮಿಟ್ ನವೀಕರಣ ಹತ್ತಿರದಲ್ಲಿತ್ತು. ಹೆದರಿದೆ.

ಡಿಸೆಂಬರಿನಲ್ಲಿ ವರದಿಯ ಪ್ರತಿ ಊರಿನ ಮನೆಮನೆಗೂ ಅಂಚೆಯಲ್ಲಿ ಬಂತು. ಅಜ್ಜ ಕನ್ನಡಕ ಹಾಕಿಕೊಂಡು, ಪಟ್ಟಿಯಲ್ಲಿ ತಮ್ಮ ಪತ್ರಕ್ಕೆ ಕೊಟ್ಟ ಸಂಖ್ಯೆ ಹುಡುಕಿ, ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಗೋಡೆಯ ಬಳಿ ಬಂದರು.

"ಭಾವನಾತ್ಮಕ ಅಂತ ಹಾಕಿದಾರೆ," ಅಂದರು. "ನಾನು ಹೆಜ್ಜೆ ಲೆಕ್ಕ ಕೊಟ್ಟಿದ್ನಲ್ಲ?"

ನಾನು ಗೋಡೆಯ ಮೇಲಿನ ಪಾಚಿ ಕೆರೆದೆ.

"ನಿಮ್ಮ ಆಫೀಸಲ್ಲಿ ಯಾರೋ ಸರಿಯಾಗಿ ಓದಿಲ್ಲ. ನೀನು ಬೇಜಾರು ಮಾಡ್ಕೋಬೇಡ. ನೀನು ಕೊಟ್ಟಿದ್ದೀಯ, ಅಷ್ಟು ಸಾಕು." ಹೀಗೆಂದು ತಳ್ಳುಗಾಡಿಯಿಂದ ಒಂದು ಚೀಲ ಟರ್ಫ್ ಎತ್ತಿ ಗೋಡೆಯ ಮೇಲಿಟ್ಟು ಒಳಗೆ ಹೋದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಬಾಯಿಬಿಟ್ಟು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಚೀಲ ಎತ್ತಿಕೊಂಡು, ಥ್ಯಾಂಕ್ಸ್ ಹೇಳಿ ಬಂದೆ.

ಜನವರಿಯ ಲಾಕ್‌ಡೌನಿನಲ್ಲಿ ಅಜ್ಜನಿಗೆ ಎದೆನೋವೆಂದು ಆಂಬುಲೆನ್ಸ್ ಬಂತು. ಗಾಲ್ವೇ ಆಸ್ಪತ್ರೆಗೆ, ಜೊತೆಗೆ ಯಾರೂ ಹೋಗುವಂತಿಲ್ಲ. ಆಂಬುಲೆನ್ಸಿನ ಮೆಟ್ಟಿಲ ಮೇಲೂ ಮೊದಲು ಹಿಮ್ಮಡಿ ಊರಿ, ಕಾದು, ಆಮೇಲೆ ಹತ್ತಿದರು. ತಿರುಗಿ, ಮಾಸ್ಕ್ ಸರಿಸಿ, "ಬೂಟು ಅಲ್ಲೇ ಇರ್ಲಿ. ಎಂಜಿನಿಯರ್ ಬಂದ್ರೆ ಎರಡು ವಾರ ಕಾಯೋಕೆ ಹೇಳು," ಅಂದರು. ಒಂಬತ್ತನೆಯ ದಿನ ತೀರಿಕೊಂಡರು. ಚರ್ಚಿನೊಳಗೆ ಹತ್ತೇ ಜನಕ್ಕೆ ಅವಕಾಶ. ಉಳಿದ ನಾವೆಲ್ಲ ನಮ್ಮ ನಮ್ಮ ಗೇಟಿನ ಮುಂದೆ ರಸ್ತೆಯ ಅಂಚಿನಲ್ಲಿ ನಿಂತೆವು. ಅವರ ಶವಪೆಟ್ಟಿಗೆ ಹೊತ್ತ ಗಾಡಿ ನಿಧಾನವಾಗಿ ಮುಂದೆ ಹೋಯಿತು. ಮಗಳು ಕೈ ಬೀಸಿದಳು. ನನಗೆ ಅಳು ಬರಲಿಲ್ಲ, ನಾಚಿಕೆ ಬಂತು.

ಎರಡು ತಿಂಗಳಾದ ಮೇಲೆ ಆಫೀಸಿನಿಂದ ಫೋನ್. ಮೂರನೇ ಜಾಗದಲ್ಲಿ ಮಣ್ಣು ಪರೀಕ್ಷೆಗೆ ಹೋದ ಯಂತ್ರ ಹೂತುಕೊಂಡಿದೆ, ನೀನು ಅಲ್ಲೇ ಇರುವವಳು, ಸ್ವಲ್ಪ ಹೋಗಿ ನೋಡು ಎಂದರು. ಬೀರುವಿನಿಂದ ಕಾರ್ನ್‌ಫ್ಲೇಕ್ಸ್ ರಟ್ಟು ತೆಗೆದುಕೊಂಡು ಹೋದೆ. ಯಂತ್ರ ಅರ್ಧ ಕೆಳಗಿತ್ತು, ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಅಲ್ಲಿದ್ದ ಎಂಜಿನಿಯರ್ ನನಗಿಂತ ಚಿಕ್ಕವನು. ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದ. ಅದರಲ್ಲಿದ್ದಂತೆ ನಾನು ಇನ್ನೂರು ಹೆಜ್ಜೆ ಎಣಿಸಿಕೊಂಡು ಈಚೆಗೆ ನಡೆದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಊರಿ ಕಾಯುತ್ತಿದ್ದೇನೆ ಎಂಬುದು ಅರ್ಧ ದಾರಿಯಲ್ಲಿ ಗಮನಕ್ಕೆ ಬಂತು. ಕೊನೆಯ ಹೆಜ್ಜೆಗೆ ಬೂಟಿನಡಿ ಜಲ್ಲಿ ಕರಕರ ಎಂದಿತು.

"ಇದು ಮೊದ್ಲೇ ಸಿಕ್ಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದ ಅವನು, ಜೇಬಿನಿಂದ ಫೋನ್ ತೆಗೆಯುತ್ತಾ. "ಇದನ್ನ ಬರೆದವ್ರ ನಂಬರ್ ಕೊಡ್ತೀರಾ? ಈಗ್ಲೇ ಮಾಡ್ತೀನಿ. ಒಂದ್ಸಲ ಬಂದು ನಡೆದು ತೋರಿಸ್ಲಿ."

'ಬಾಗ್ ಅಜ್ಜ' ಎಂಬ ಹೆಸರು ನನ್ನ ಫೋನಿನಲ್ಲಿ ಇನ್ನೂ ಇತ್ತು. ಅವರು ತೀರಿಕೊಂಡರು ಎಂದೆ. ಹೌದಾ, ಪಾಪ, ಎಂದ. ತಿಂಗಳುಗಟ್ಟಲೆ ಬೂಟು ಒರೆಸಿಟ್ಟುಕೊಂಡು ಅವರು ಕಾದಿದ್ದು ಇದೊಂದು ಫೋನಿಗೇ, ಅದು ಬರದ ಹಾಗೆ ಮಾಡಿದವಳು ನಾನೇ ಎಂದು ಅವನಿಗೂ ಹೇಳಲಿಲ್ಲ. ಮೂರನೇ ಗಾಳಿಯಂತ್ರ ಈಗ ಆ ಜಲ್ಲಿ ದಿಬ್ಬದ ಮೇಲೆ ತಿರುಗುತ್ತಿದೆ, ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ವರದಿಯಲ್ಲಿ ಅವರು ಇಂದಿಗೂ 'ವಿರೋಧ'ದ ಕಾಲಮ್ಮಿನಲ್ಲೇ ಇದ್ದಾರೆ.