ಬಾಯಿ ಮುಚ್ಚಿ ಮಲಗಿದ ಮೊಮ್ಮಗಳು

ನನ್ನ ಮೊಮ್ಮಗಳು ಬಾಯಿ ಮುಚ್ಚಿಕೊಂಡು ಮಲಗಿದಳು! ಆ ಮಧ್ಯಾಹ್ನ ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಮನೆಯ ಹೊಸ್ತಿಲಿಗೆ ಹೋಗಿ ನಾನು ಸಾರಿದ ಸುದ್ದಿ ಇದು.

"ಆಯಿಗಿ ತಲಿ ತಿರಗೇತಿ," ಎಂದು ಓಣಿಯವರು ನಕ್ಕರು. ನಗಲಿ ಬಿಡಿ.

ಅದು ನಮ್ಮ ಊರು ಇನ್ನೂ ಮುಂಬಯಿ ಸರ್ಕಾರದ ಕೈಯಲ್ಲಿದ್ದ ಕಾಲ. ಮೊಮ್ಮಗಳದು ನಮ್ಮ ಮನೆತನದ ಗಿಣಿಮೂಗು. ನೋಡಲು ಬಂದ ಗಂಡಿನವರೆಲ್ಲ ಅದನ್ನೇ ಆಡಿಕೊಂಡರು. ಬೇಸತ್ತ ನನ್ನ ಮಗ ಅವಳನ್ನು ಮುಂಬಯಿಗೆ ಕರೆದೊಯ್ದು ಆಪರೇಶನ್ ಮಾಡಿಸಿ ಅವಳ ಮೂಗು ತಿದ್ದಿಸಿಕೊಂಡು ಬಂದ. ಗೊಂಬೆಯ ಮೂಗಿನಂತೆ ತೆಳ್ಳಗೆ, ನೆಟ್ಟಗೆ! ಆದರೆ ಅದರಲ್ಲಿ ಉಸಿರೇ ಆಡಲಿಲ್ಲ. ಬಾಯಿ ತೆರೆದು ಮಲಗುವಳು, ಗಂಟಲೊಣಗಿ ಎದ್ದು ಕೂರುವಳು, ಹಗಲು ನೂಲು ಸುತ್ತುತ್ತ ರಾಟೆಯ ಮುಂದೆಯೇ ತೂಕಡಿಸುವಳು.

ನಾವು ನೆಗಡಿ ಎಂದುಕೊಂಡೆವು. ಅಜವಾನದ ಗಂಟು ಕಾಸಿ ಶಾಖ ಕೊಟ್ಟೆ, ಅರಿಶಿನದ ಹೊಗೆ ಹಾಕಿದೆ, ಮಜ್ಜಿಗೆ ಮುಟ್ಟಗೊಡಲಿಲ್ಲ.

"ನೆಗಡಿ ಅಲ್ಲಬೇ ಆಯಿ. ಉಸರ ಎಳಕೊಂಡ್ರ ಮೂಗ ಒಳಗ ಅಂಟಕೋತೈತಿ," ಎಂದು ಅವಳೇ ಒಂದು ದಿನ ಮೂಗಿನ ಪಕ್ಕದ ಗಲ್ಲವನ್ನು ಬೆರಳಿನಿಂದ ಆಚೆಗೆಳೆದು ತೋರಿಸಿದಳು. ಎಳೆದರೆ ಉಸಿರು ಸರಾಗ, ಬಿಟ್ಟರೆ ಬಂದ್.

"ಹಂಗಾರ ಜಲ್ಮೆಲ್ಲಾ ಗಲ್ಲ ಹಿಡಕೊಂಡ ಕುಂಡ್ರತಿಯೇನ?" ಎಂದೆ. ನಗಲು ಹೋದವಳು ಅತ್ತುಬಿಟ್ಟಳು.

ಮತ್ತೊಬ್ಬ ಡಾಕ್ಟರ ಬಳಿಗೆ ಹೋದೆವು. ಚೆಂದ ಮಾಡುವ ಭರದಲ್ಲಿ ಒಳಗಿನ ಆಸರೆಯನ್ನೇ ಕೆತ್ತಿದ್ದಾರೆ, ಕಿವಿಯ ಮೆತ್ತನೆಯ ಎಲುಬು ತೆಗೆದು ಅಲ್ಲಿ ಆನಿಸಬೇಕು, ಮೂಗು ಮತ್ತೆ ಕೊಂಚ ದಪ್ಪಗಾದೀತು ಎಂದರು. ನನ್ನ ಮಗ ಅನುಮಾನಿಸಿದ.

"ಆಗ್ಲಿ ಬಿಡಪಾ," ಎಂದಳು ಅವಳು. "ನಂಗ ನಿದ್ದಿ ಬೇಕು."

ಎರಡನೆಯ ಆಪರೇಶನ್ ಆಯಿತು. ಮೂಗಿನೊಳಗೆ ತುರುಕಿದ್ದ ಅರಳೆ ತೆಗೆಸಿಕೊಂಡು ಬಂದು ಅವಳು ಮಗ್ಗದ ಪಕ್ಕದ ಕೌದಿಯ ಮೇಲೆ ಒರಗಿದ್ದಷ್ಟೇ, ನಿದ್ದೆ ಹತ್ತಿತು. ಓಣಿಗೆಲ್ಲ ಸಾರಿ ಬಂದು ಅವಳ ಬಳಿ ಕೂತೆ. ಬೆಳಕಿಂಡಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಅವಳ ಉಸಿರು ಮಗ್ಗದ ಲಾಳಿಯಂತೆ, ಆದರೆ ಸದ್ದಿಲ್ಲದೆ, ಹೋಗುತ್ತಿತ್ತು, ಬರುತ್ತಿತ್ತು. ಅದು ಏನನ್ನೋ ನೇಯುತ್ತಿದೆ, ನನ್ನನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತಿದೆ ಎನಿಸಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

ಫಕ್ಕನೆ ಕಣ್ಣು ಬಿಟ್ಟಳು. "ಆಯೀ, ಬದನಿಕಾಯಿ ಹೊತ್ತೇತೇನಬೇ?"

ಇಷ್ಟು ದಿನ ಏನನ್ನೂ ಮೂಸಲಾಗದವಳು, ವಾಸನೆ ಹತ್ತಿತ್ತು ಅವಳಿಗೆ! ಒಲೆಯ ಮೇಲೆ ನಾನೇ ಇಟ್ಟು ಮರೆತ ಪಲ್ಯ ತಳ ಹಿಡಿದಿತ್ತು.

ಆ ಸಂಜೆ ಗಂಡಸರು ಮೊದಲು, ಹೆಂಗಸರು ಹಿಂದೆ ಎನ್ನಲಿಲ್ಲ. ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕೂತು, ಆ ಸೀದ ಬದನೆಕಾಯಿಯನ್ನೇ ಜೋಳದ ರೊಟ್ಟಿಗೆ ಹಚ್ಚಿಕೊಂಡು, ಬೆರಳು ಚೀಪುತ್ತ ಉಂಡೆವು.