ಬೆಚ್ಚಗಿನ ಗಾಜು

ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಧಾರವಾಡ ಕಡೆಯ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ವೀರ್ಯದ ಹನಿ ಹಾಕುವ ಮೊದಲು ಗಾಜಿನ ಸ್ಲೈಡನ್ನು ಅಂಗೈಗಳ ನಡುವೆ ಹಿಡಿದು ಕೂರುವರು. "ಥಂಡಿ ತಡಕೊಳ್ಳಂಗಿಲ್ಲವ್ವಾ ಇವು," ಎನ್ನುವರು. ಎಲ್ಲರ ಜತೆ ಮರಾಠಿ, ನನ್ನ ಜತೆ ಮಾತ್ರ ಕನ್ನಡ. ಗಾಜು ಬೆಚ್ಚಗೆ ಮಾಡುವುದು ಹಳೇ ಚಾಳಿ ಎಂದು ನಾನು ಒಳಗೇ ನಗುತ್ತಿದ್ದೆ.

ವೀರ್ಯಾಣುಗಳ ಓಟ ತಡೆಯುವ ಗರ್ಭನಿರೋಧಕ ಔಷಧವೊಂದನ್ನು ನಾನು ಪರೀಕ್ಷಿಸುತ್ತಿದ್ದೆ. ಒಮ್ಮೆ, ಅದನ್ನು ಬೆರೆಸಿದ ಹನಿಯಲ್ಲಿ ಅವು ಬರೀ ತೆವಳುತ್ತಿದ್ದವು. ತಿಂಗಳುಗಟ್ಟಲೆ ಕಾದ ಫಲಿತಾಂಶ! ಕುಣಿದಾಡಿಬಿಟ್ಟೆ. ಅವರು ಇನ್ನೊಂದು ಸ್ಲೈಡ್ ಬೆಚ್ಚಗೆ ಮಾಡಿ, ಅದೇ ಔಷಧ ಬೆರೆತ ಮತ್ತೊಂದು ಹನಿ ಇಟ್ಟರು. ಎಲ್ಲವೂ ಸರಸರ ಈಜಿದವು. ನಾನು ಬಳಸಿದ್ದು ಎಸಿಯ ಕೆಳಗೆ ತಣ್ಣಗಾಗಿದ್ದ ಸ್ಲೈಡು.

ಫಲಿತಾಂಶ ಬರೆದಿದ್ದ ಪುಟವನ್ನು ಹೊಡೆದುಹಾಕಿ, ಆ ತಣ್ಣನೆಯ ಸ್ಲೈಡನ್ನು ಅವರ ಕೈಗಿತ್ತೆ.

"ನಿನ್ನ ಕೈನೂ ಥಂಡಿ ಆಗೇದಲ್ಲವ್ವಾ," ಎಂದವರೇ ಅದನ್ನೂ ಅಂಗೈಗಳ ನಡುವೆ ಹಿಡಿದು ಕೂತರು.